ನದಿಕಮರಿಯ ಇಳಿಜಾರಿನಲ್ಲಿ ಜಿಂಕೆ ಬೇಟೆ: ಐಡಹೊದಲ್ಲಿರುವ ಮಗನಿಗೆ ಏನು ಹೇಳಲಿ?

ಮಧುಗಿರಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮಧುಗಿರಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು. ಮಗ ಏಳು ವರ್ಷದಿಂದ ಅಮೆರಿಕದ ಐಡಹೊ ರಾಜ್ಯದ ಬಾಯ್ಸಿ ನಗರದಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಭಾನುವಾರ ಫೋನಿನಲ್ಲಿ ಮಾತಾಡುತ್ತಾ, ಜಿಂಕೆ ಬೇಟೆಗೆ ಪರವಾನಗಿ ತೆಗೆದುಕೊಂಡಿದ್ದೇನೆ, ಅಕ್ಟೋಬರ್‌ನಲ್ಲಿ ಸ್ಯಾಮನ್ ನದಿಯ ಕಮರಿಗೆ ಹೋಗುತ್ತೇನೆ ಎಂದು ಸಂತೆಗೆ ಹೋಗುವವನಂತೆ ಹೇಳಿದ. ಅವನ ತಾಯಿ ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದಳು.

ಬೇಟೆ ಸರಿಯೋ ತಪ್ಪೋ ಎಂಬುದು ನನ್ನ ಪ್ರಶ್ನೆಯಲ್ಲ. ಅಲ್ಲಿ ಅದು ಕಾನೂನಿಗೆ ಒಳಪಟ್ಟದ್ದು, ಅವನು ಮಾಂಸ ತಿನ್ನುವವನು, ಅಷ್ಟು ಸಾಕು. ಅವನು ಕಳಿಸಿದ ಫೋಟೊಗಳನ್ನು ನೋಡಿದ ಮೇಲೆ ನನಗೆ ನಿದ್ದೆ ಬಾರದಿರುವುದು ಆ ಇಳಿಜಾರಿನಿಂದಾಗಿ. ನಮ್ಮ ಮಧುಗಿರಿ ಏಕಶಿಲಾ ಬೆಟ್ಟಕ್ಕೆ ಕೊರೆದ ಮೆಟ್ಟಿಲಿದೆ, ಹಿಡಿಯಲು ಕಂಬಿಯಿದೆ, ಆದರೂ ಮೇಲಿನ ಭಾಗದಲ್ಲಿ ಬೆನ್ನು ತಣ್ಣಗಾಗುತ್ತದೆ. ಅಲ್ಲಿ ಮೆಟ್ಟಿಲೂ ಇಲ್ಲ, ಕಂಬಿಯೂ ಇಲ್ಲ, ಒಣಹುಲ್ಲು ಹೊದ್ದ ಇಳಿಜಾರು ನೇರವಾಗಿ ನದಿಗೆ ಇಳಿದಿದೆ.

ನನ್ನ ತಂದೆಯವರು ಅರವತ್ತರ ದಶಕದಲ್ಲಿ ಪರವಾನಗಿಯ ಒಂಟಿನಳಿಗೆ ಕೋವಿ ಇಟ್ಟುಕೊಂಡಿದ್ದರು. ಹೊರಡುವಾಗ ಸೊಂಟದಲ್ಲಿ ಒಂದು ಚೀಲ ಒಲೆಯ ಬೂದಿ ಇರುತ್ತಿತ್ತು, ಗಾಳಿ ನೋಡಲು ಅದನ್ನು ಚಿಟಿಕೆಯಷ್ಟು ಉದುರಿಸುತ್ತಿದ್ದರು. “ಮಿಕ ನಿಂತ ಜಾಗ ನೋಡಬೇಡ, ಬೀಳುವ ಜಾಗ ನೋಡಿ ಈಡು ಹೊಡಿ” ಎಂದು ಚಿಕ್ಕಪ್ಪನಿಗೆ ಬೈಯುತ್ತಿದ್ದುದು ನನಗೆ ನೆನಪಿದೆ. ಇದಕ್ಕಿಂತ ಹೆಚ್ಚೇನೂ ನನಗೆ ತಿಳಿಯದು. ಬಲ್ಲವರು ದಯವಿಟ್ಟು ಹೇಳಬೇಕು.

ಕೊರಟಗೆರೆಯವನು, ಈಗ ಬಾಯ್ಸಿ

ಮೇಷ್ಟ್ರೇ, ನಿಮ್ಮ ತಂದೆಯವರು ಹೇಳಿದ ಮಾತನ್ನೇ ಇಲ್ಲಿನ ಹಳೆಯ ಬೇಟೆಗಾರರೊಬ್ಬರು ನನಗೆ ಮೊದಲ ವರ್ಷ ಹೇಳಿಕೊಟ್ಟರು. ನಾನು ಆರು ಬೇಟೆಗಾಲ ಈ ಕಮರಿಗಳಲ್ಲಿ ಅಲೆದಿದ್ದೇನೆ. ಬರೆಯಬೇಕಾದದ್ದು ಬಹಳ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಜಾಗದ ವಿಚಾರ. ಬಾಯ್ಸಿಯಿಂದ ಉತ್ತರಕ್ಕೆ ಸುಮಾರು 240 ಕಿ.ಮೀ. ಹೋದರೆ ರಿಗ್ಗಿನ್ಸ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿ ಲಿಟಲ್ ಸ್ಯಾಮನ್ ಬಂದು ಸ್ಯಾಮನ್ ನದಿಗೆ ಸೇರುತ್ತದೆ. ಅದರ ಪಶ್ಚಿಮದ ಬೆಟ್ಟಸಾಲಿನ ಆಚೆ ಸ್ನೇಕ್ ನದಿಯ ಹೆಲ್ಸ್ ಕ್ಯಾನ್ಯನ್ ಇದೆ, ಉತ್ತರ ಅಮೆರಿಕದಲ್ಲೇ ಅತಿ ಆಳವಾದ ನದಿಕಮರಿ, 7,993 ಅಡಿ. ಸ್ಯಾಮನ್ ಕಮರಿಯೂ ಕಡಿಮೆಯದಲ್ಲ. 1805ರ ಆಗಸ್ಟ್‌ನಲ್ಲಿ, ಅಮೆರಿಕದ ಪಶ್ಚಿಮವನ್ನು ಅನ್ವೇಷಿಸಲು ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಕ್ಲಾರ್ಕ್ ಈ ನದಿಯ ಮೇಲ್ಭಾಗವನ್ನು ನೋಡಿ, ಇಲ್ಲಿಂದ ದೋಣಿ ಸಾಗದು ಎಂದು ಹಿಂದಿರುಗಿದ. ರಿಗ್ಗಿನ್ಸ್‌ನ ಉತ್ತರಕ್ಕೆ ಹೆದ್ದಾರಿಯ ಸೇತುವೆ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಏಕೆಂದರೆ ಎರಡು ಕಾಲವಲಯಗಳ ಗಡಿ ಆ ನದಿಯೇ. ಇದು ತಮಾಷೆಯ ವಿಷಯವಲ್ಲ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಮಾತ್ರ ಗುಂಡು ಹಾರಿಸಲು ಅವಕಾಶವಿದೆ; ಫೋನು ಯಾವ ದಡದ ಗೋಪುರವನ್ನು ಹಿಡಿದಿದೆ ಎಂದು ನೋಡದೆ ಸಮಯ ಲೆಕ್ಕ ಹಾಕಿದರೆ ಒಂದು ಗಂಟೆ ತಪ್ಪಬಹುದು.

ಇಲ್ಲಿಯ ಜಿಂಕೆಗೆ ಮ್ಯೂಲ್ ಡೀರ್ ಎನ್ನುತ್ತಾರೆ. ಹೇಸರಗತ್ತೆಯಂಥ ದೊಡ್ಡ ಕಿವಿ ಅದಕ್ಕೆ. ಬೆದರಿದರೆ ಓಡುವುದಿಲ್ಲ, ನಾಲ್ಕೂ ಕಾಲುಗಳನ್ನು ಒಟ್ಟಿಗೆ ನೆಲಕ್ಕೆ ಒದ್ದು ಚೆಂಡಿನಂತೆ ಪುಟಿಯುತ್ತದೆ. ನಾವು ಕೈಕಾಲು ಊರಿ ಹತ್ತುವ ಇಳಿಜಾರನ್ನು ಅದು ಹತ್ತು ಪುಟಿತದಲ್ಲಿ ದಾಟಿ, ಮೇಲೆ ನಿಂತು ಒಮ್ಮೆ ಹಿಂದಿರುಗಿ ನೋಡುತ್ತದೆ.

ಇನ್ನು ಗಾಳಿ. ನಿಮ್ಮ ತಂದೆಯವರ ಬೂದಿ ಚೀಲದ ಬದಲು ಇಲ್ಲಿ ಪೌಡರ್ ತುಂಬಿದ ಪುಟ್ಟ ಪ್ಲಾಸ್ಟಿಕ್ ಸೀಸೆ ಮಾರುತ್ತಾರೆ, ಕೆಲಸ ಅದೇ. ಕಮರಿಯಲ್ಲಿ ರಾತ್ರಿ ತಣ್ಣಗಾದ ಗಾಳಿ ನೀರಿನಂತೆ ಕೆಳಗೆ ಹರಿಯುತ್ತಿರುತ್ತದೆ. ಬಿಸಿಲು ಇಳಿಜಾರಿಗೆ ತಾಗಿ ನೆಲ ಕಾದ ಮೇಲೆ ಅದು ಮೇಲಕ್ಕೆ ಏರತೊಡಗುತ್ತದೆ. ಸಂಜೆ ನೆರಳು ಬಿದ್ದರೆ ಮತ್ತೆ ಕೆಳಗೆ. ಹಾಗಾಗಿ ನಸುಕಿನಲ್ಲಿ ಜಿಂಕೆಯ ನೇರ ಮೇಲೆ ನಿಂತವನ ಮೈವಾಸನೆ ಅದರ ಮೂಗಿಗೆ ಇಳಿಯುತ್ತದೆ, ಹತ್ತು ಗಂಟೆಗೆ ಕೆಳಗೆ ನಿಂತವನ ವಾಸನೆ ಏರಿ ಹೋಗುತ್ತದೆ. ಹಗಲಿನಲ್ಲಿ ಮೇಲಿನಿಂದ ಬರಬೇಕು, ಆದರೆ ಮೇಲಕ್ಕೆ ಹೋಗುವಾಗ ಜಿಂಕೆಯಿರುವ ಕಣಿವೆಯ ಪಕ್ಕದ ಏಣನ್ನು, ಅಂದರೆ ಗುಡ್ಡದ ಬೆನ್ನನ್ನು, ಹಿಡಿದು ಹೋಗಬೇಕು. ದೊಡ್ಡ ಗಂಡುಗಳು ಕಮರಿಯ ಮೇಲಿನ ಮೂರನೆಯ ಒಂದು ಭಾಗದಲ್ಲಿ, ಬಂಡೆಯ ಗೋಡೆಗೆ ಬೆನ್ನು ಕೊಟ್ಟು ಮಲಗುವುದಕ್ಕೂ ಇದೇ ಕಾರಣ: ಕೆಳಗಿನದು ಕಣ್ಣಿಗೆ ಕಾಣುತ್ತದೆ, ಕೆಳಗಿನ ವಾಸನೆ ಮೂಗಿಗೆ ಬರುತ್ತದೆ, ಹಿಂದಿನಿಂದ ಯಾರೂ ಬರುವಂತಿಲ್ಲ. ನೆರಳಿನ ಕಡೆಯೂ ಬಿಸಿಲಿನ ಕಡೆಯೂ ಕೂಡುವ ಕೊರಕಲಿನಲ್ಲಿ ಮಾತ್ರ ಗಾಳಿ ಸುಳಿಯುತ್ತಲೇ ಇರುತ್ತದೆ, ಅಲ್ಲಿ ಯಾವ ಲೆಕ್ಕವೂ ನಡೆಯದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಾಯದ ಗಂಡುಜಿಂಕೆ 70ರಿಂದ 110 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದರೂ 25ರಿಂದ 35 ಕಿಲೋ ಮಾಂಸವನ್ನು ಬೆನ್ನ ಮೇಲೆ ಹೊತ್ತು ತರಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬರುವುದು ಐಡಹೊದಲ್ಲಿ ಅಪರಾಧ; ಹಿಂದೊಡೆ, ಮುಂಗಾಲು, ಬೆನ್ನಿನ ಮಾಂಸ ಎಲ್ಲವೂ ಬರಲೇಬೇಕು. ಆದ್ದರಿಂದ ಕಮರಿಯಲ್ಲಿ ಬೇಟೆಯ ಯೋಜನೆಯನ್ನು ಕೊನೆಯಿಂದ ಮೊದಲಿಗೆ ಮಾಡಬೇಕು: ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಹೊರೆ ಹೊತ್ತು ಎಲ್ಲಿಯವರೆಗೆ ನಡೆಯಬಲ್ಲೆ, ಆ ಪರಿಧಿಯೊಳಗೆ ಜಿಂಕೆ ಎಲ್ಲಿ ಬಿದ್ದರೆ ಉರುಳದೆ ನಿಲ್ಲುತ್ತದೆ, ಕೊನೆಗೆ ಆ ಜಾಗಕ್ಕೆ ಯಾವ ಕಡೆಯಿಂದ ಬರಬೇಕು. ಮೊದಲ ವರ್ಷ ನಾನು ಇದನ್ನು ತಿರುಗಾಮುರುಗಾ ಮಾಡಿದೆ. ರಸ್ತೆಯಿಂದ ಕೆಳಗೆ, ನದಿಯ ಕಡೆಗೆ ಇಳಿದು ಹೊಡೆದೆ. ಹೊಡೆದದ್ದು ಬೆಳಿಗ್ಗೆ ಎಂಟಕ್ಕೆ, ಕೊನೆಯ ಹೊರೆ ಕಾರಿಗೆ ಬಂದದ್ದು ಮರುದಿನ ಮಧ್ಯಾಹ್ನ. ಅಂದಿನಿಂದ ಕಾರಿಗಿಂತ ಎತ್ತರದಲ್ಲಿರುವ ಜಿಂಕೆಯನ್ನು ಮಾತ್ರ ನೋಡುತ್ತೇನೆ, ತಗ್ಗಿನಲ್ಲಿರುವುದಕ್ಕೆ ಕೈಮುಗಿಯುತ್ತೇನೆ.

ಇನ್ನೊಂದು ಮಾತು. ನಿಮ್ಮ ಮಗ ಕೆಲಸದ ವೀಸಾದಲ್ಲಿದ್ದರೆ ಗಮನಿಸಬೇಕು. ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವಂತಿಲ್ಲ ಎಂಬುದು ಅಮೆರಿಕದ ಒಕ್ಕೂಟ ಕಾನೂನು. ಊರ್ಜಿತ ಬೇಟೆ ಪರವಾನಗಿ ಇದ್ದವರಿಗೆ ಅದರಲ್ಲಿ ವಿನಾಯಿತಿ. ಐಡಹೊದ ವಾರ್ಷಿಕ ಪರವಾನಗಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಬೇಟೆಯ ಕಾಲ ಮುಗಿಯಿತೆಂದು ನವೀಕರಿಸದೆ ಕೋವಿಯನ್ನು ಬೀರುವಿನಲ್ಲಿಟ್ಟರೆ ಜನವರಿಯಲ್ಲಿ ವಿನಾಯಿತಿ ಇರುವುದಿಲ್ಲ.

ಚಿಕ್ಕಬಳ್ಳಾಪುರದ ಓದುಗ

ಕ್ಷಮಿಸಬೇಕು, ಈ ಚರ್ಚೆ ನನಗೆ ಹಿತವೆನಿಸುತ್ತಿಲ್ಲ. ನಮ್ಮ ದೇಶದಲ್ಲಿ 1972ರಿಂದಲೇ ನಿಷೇಧವಾದ ಕೆಲಸವನ್ನು ಇಷ್ಟು ವಿವರವಾಗಿ, ಇಷ್ಟು ರುಚಿಯಾಗಿ ಬರೆದರೆ ಓದುವ ಹುಡುಗರು ಏನು ಕಲಿಯುತ್ತಾರೆ? ನಮ್ಮ ಊರಿನ ಹಿಂದಿನ ಗುಡ್ಡದಲ್ಲಿ ಈಗಲೂ ಬೇಲಿಯ ಕಂಡಿಗಳಿಗೆ ಬ್ರೇಕ್ ವೈರಿನ ಉರುಳು ಕಟ್ಟುವವರಿದ್ದಾರೆ. ಹೋದ ಬೇಸಿಗೆಯಲ್ಲಿ ಒಂದು ನಾಯಿ ಅದಕ್ಕೆ ಸಿಕ್ಕಿ, ಕಾಲು ಮೂಳೆಯವರೆಗೆ ಕೊಯ್ದುಹೋಗಿತ್ತು. ಬಿಡಿಸಲು ಹೋದವನು ನಾನೇ. ಗಾಳಿ ನೋಡುವುದು, ಮೇಲಿನಿಂದ ಬರುವುದು ಎಂಬ ವಿದ್ಯೆಯೆಲ್ಲ ಇಂಥವರ ಕೈಗೆ ಸಿಕ್ಕರೆ ಗತಿಯೇನು?

ಶಿರಾ, ಕಾಡು ಕಾದವನು

ಚಿಕ್ಕಬಳ್ಳಾಪುರದವರ ಆತಂಕ ಸರಿಯಾದದ್ದೇ. ಆದರೆ ಉರುಳು ಕಟ್ಟುವವನಿಗೆ ಗಾಳಿಯ ವಿದ್ಯೆ ಬೇಕಿಲ್ಲ. ಅವನು ಸಂಜೆ ಕಟ್ಟಿ ಮನೆಗೆ ಹೋಗಿ ಮಲಗುತ್ತಾನೆ, ಬೆಳಿಗ್ಗೆ ಬಂದು ನೋಡುತ್ತಾನೆ. ಮೂವತ್ತು ವರ್ಷ ಅರಣ್ಯ ಇಲಾಖೆಯಲ್ಲಿ ಕಾವಲು ಮಾಡಿ ನಾನು ಕಿತ್ತ ಉರುಳುಗಳಲ್ಲಿ ಯಾವ ಚಾಣಾಕ್ಷತನವೂ ಕಾಣಲಿಲ್ಲ, ಸೋಮಾರಿತನವಷ್ಟೇ ಕಂಡಿತು.

ಕಾನೂನಿನ ವಿಚಾರದಲ್ಲಿ ಒಂದು ತಿದ್ದುಪಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ ನಿಜ. ಆದರೆ ಮೊದಲ ರೂಪದಲ್ಲಿ ಅದು ಎಲ್ಲ ಬೇಟೆಯನ್ನೂ ನಿಲ್ಲಿಸಲಿಲ್ಲ. ಕಾಯ್ದೆಯ ಕೆಲವು ಅನುಸೂಚಿಗಳಲ್ಲಿ, ಅಂದರೆ ಪಟ್ಟಿಗಳಲ್ಲಿ, ಇರುವ ಪ್ರಾಣಿಗಳನ್ನು ಪರವಾನಗಿ ಪಡೆದು ಬೇಟೆಯಾಡಲು ಕಾಗದದ ಮೇಲಾದರೂ ಅವಕಾಶವಿತ್ತು. 1991ರ ತಿದ್ದುಪಡಿ 9ನೇ ಕಲಮನ್ನು ಬದಲಿಸಿ ಆ ಬಾಗಿಲನ್ನು ಮುಚ್ಚಿತು. 2022ರಲ್ಲಿ ಮತ್ತೆ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಹೊಸ ಅನುಸೂಚಿಗಳು ಜಾರಿಯಲ್ಲಿವೆ. ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ, ಅದನ್ನು ಕೊಂದವನಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಆ ಪದದೊಳಗೆ ಬರುತ್ತವೆ. ಹಾಗಾಗಿ ಇಲ್ಲಿ ಓದಿದ್ದನ್ನು ದೇವರಾಯನದುರ್ಗದಲ್ಲಿ ಪ್ರಯೋಗಿಸುವವರು ನೇರ ಜೈಲಿನ ದಾರಿ ಹಿಡಿಯುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಉಳಿದಿರುವುದು ಉಳಿದದ್ದು ಈ ಕಾವಲಿನಿಂದಲೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. 2019ರಲ್ಲಿ ನಮ್ಮ ಬುಕ್ಕಾಪಟ್ಟಣ ಚಿಂಕಾರ ಎಂಬ ಹುಲ್ಲೆಯ ವನ್ಯಜೀವಿಧಾಮವಾಯಿತು. ಐಡಹೊದ ನದಿಕಮರಿಗೂ ಮೈದನಹಳ್ಳಿಯ ಬಯಲಿಗೂ ಹೋಲಿಕೆಯೇ ಇಲ್ಲ. ಅಲ್ಲಿ ಇಲಾಖೆಯವರು ಹಿಂಡುಗಳ ಲೆಕ್ಕ ನೋಡಿ ವರ್ಷವರ್ಷವೂ ನಿಯಮ ಹೊರಡಿಸುತ್ತಾರೆ. ನಮ್ಮಲ್ಲಿ ಹಾಗೆ ಕೊಡಲು ಮಿಗುವಷ್ಟು ಹಿಂಡೇ ಇಲ್ಲ. ಇಷ್ಟು ಹೇಳಿ ಮೇಷ್ಟ್ರ ಪ್ರಶ್ನೆಗೆ ಅಡ್ಡ ಬರುವುದಿಲ್ಲ.

ಪಾವಗಡ, ಕುರಿಹಟ್ಟಿ

ಬೇಟೆ ನನಗೆ ಗೊತ್ತಿಲ್ಲ, ಇಳಿಜಾರು ಗೊತ್ತು. ಒಣಹುಲ್ಲಿನ ಗುಡ್ಡದಲ್ಲಿ ಹತ್ತುವವನು ಜಾರುವುದು ಕಡಿಮೆ. ಇಳಿಯುವವನು ಜಾರುತ್ತಾನೆ, ಅದರಲ್ಲೂ ಬೆನ್ನ ಮೇಲೆ ಹೊರೆ ಇರುವಾಗ. ಹುಲ್ಲು ಬುಡದಲ್ಲಿ ಗುಡ್ಡದ ಕೆಳಮುಖಕ್ಕೆ ಬಾಗಿರುತ್ತದೆ, ಅದರ ಮೇಲೆ ಹಿಮ್ಮಡಿ ಊರಿದರೆ ಎಣ್ಣೆ ಚೆಲ್ಲಿದ ನೆಲದಂತಾಗುತ್ತದೆ. ನಾವು ಮೈಯನ್ನು ಅಡ್ಡಕ್ಕೆ ತಿರುಗಿಸಿ, ಪಾದದ ಅಂಚನ್ನು ಹುಲ್ಲಿನ ಬುಡಕ್ಕೆ ಸಿಕ್ಕಿಸಿ ಇಳಿಯುತ್ತೇವೆ, ಕೋಲು ಯಾವಾಗಲೂ ಗುಡ್ಡದ ಮೇಲ್ಬದಿಯ ಕೈಯಲ್ಲಿರುತ್ತದೆ. ಕೆಳಬದಿಗೆ ಕೋಲು ಊರಿದವನು ಕೋಲಿನ ಮೇಲೆ ಭಾರ ಹಾಕುತ್ತಾನೆ, ಕೋಲು ಜಾರಿದರೆ ಅವನೂ ಹೋಗುತ್ತಾನೆ.

ಮೇಕೆ ಹೋದ ಜಾಡನ್ನು ಬಿಟ್ಟು ನೇರ ಇಳಿಯುವುದು ಬೇಡ. ಬಂಡೆಯ ಸಾಲಿನಲ್ಲಿ ಕಂಡಿ ಎಲ್ಲಿದೆ ಎಂದು ಪ್ರಾಣಿಗೆ ಗೊತ್ತಿರುತ್ತದೆ. ಆದರೆ ಮೇಕೆ ನೆಗೆಯುವ ಕಡೆಯೆಲ್ಲ ಮನುಷ್ಯ ಇಳಿಯಲಾರ, ಅದನ್ನೂ ನೆನಪಿಡಬೇಕು. ಹತ್ತಿದ ಕಡೆಯಿಂದಲೇ ಇಳಿಯಬೇಕು ಎಂದು ನಮ್ಮ ತಾತ ಹೇಳುತ್ತಿದ್ದರು, ಹೊಸ ದಾರಿ ಹುಡುಕುವ ಹುಮ್ಮಸ್ಸು ಸಂಜೆಯ ಹೊತ್ತಿಗೆ ಬೇಡ.

ಕೊರಟಗೆರೆಯವನು, ಈಗ ಬಾಯ್ಸಿ

ಕುರಿಹಟ್ಟಿಯವರು ಹೇಳಿದ್ದಕ್ಕೆ ಒಂದೇ ಸೇರಿಕೆ: ಇಲ್ಲಿ ಬಂಡೆಗಳು ಮೆಟ್ಟಿಲು ಮೆಟ್ಟಿಲಾಗಿವೆ. ಮೇಲಿನಿಂದ ನೋಡಿದಾಗ ಹುಲ್ಲಿನ ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡಂತೆ ಕಾಣುತ್ತವೆ. ನಡುವಿನ ಇಪ್ಪತ್ತಡಿಯ ಬಂಡೆಗೋಡೆ ಕಾಣುವುದು ಅದರ ತುದಿಗೆ ಬಂದು ನಿಂತಾಗಲೇ. ಆದ್ದರಿಂದ ಹಿಂದಿನ ದಿನವೇ ಎದುರು ದಡದಲ್ಲಿ ಕುಳಿತು ದುರ್ಬೀನಿನಲ್ಲಿ ಇಡೀ ಮುಖವನ್ನು ನೋಡಿ, ಕಂಡಿಗಳನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳುವುದು ವಾಸಿ. ನದಿಯ ಅಂಚಿನ ಪೊದೆಗಳಲ್ಲಿ ಪಾಯ್ಸನ್ ಐವಿ ಎಂಬ ಮೈ ಬೊಬ್ಬೆ ಏಳಿಸುವ ಗಿಡವಿದೆ, ಅಕ್ಟೋಬರ್‌ನ ಬಿಸಿಲಿಗೆ ಬಂಡೆಯ ಮೇಲೆ ಗಿಲಕಿಹಾವು ಎಂಬ ವಿಷದ ಹಾವು ಮಲಗಿರುವುದೂ ಉಂಟು. ಕೈ ಇಡುವ ಮುನ್ನ ನೋಡಬೇಕು.

ತುಮಕೂರು, ಭೌತಶಾಸ್ತ್ರದ ಮೇಡಂ

ಇಳಿಜಾರಿನಲ್ಲಿ ಗುರಿಯ ಲೆಕ್ಕವನ್ನು ಯಾರೂ ಹೇಳಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಗುಂಡು ಸಮತಲಕ್ಕಿಂತ ಮೇಲಕ್ಕೆ ಹೊರಟರೂ ಕೆಳಕ್ಕೆ ಹೊರಟರೂ, ಗುರುತ್ವವು ಅದನ್ನು ಹಾದಿಯಿಂದ ಬಗ್ಗಿಸುವ ಪ್ರಮಾಣ ಸ್ಥೂಲವಾಗಿ ಅಡ್ಡದೂರಕ್ಕೆ (ಸಮತಲದಲ್ಲಿ ಅಳೆದದ್ದು) ತಕ್ಕಂತೆ ಇರುತ್ತದೆ, ಓರೆದೂರಕ್ಕಲ್ಲ (ಕಣ್ಣಿನಿಂದ ಗುರಿಯವರೆಗೆ ನೇರ ಅಳೆದದ್ದು). ಓರೆದೂರ 300 ಗಜ, ಇಳಿಜಾರಿನ ಕೋನ 35 ಡಿಗ್ರಿ ಎಂದುಕೊಳ್ಳಿ. 35 ಡಿಗ್ರಿಯ ಕೊಸೈನ್ 0.82. ಅಂದರೆ 246 ಗಜದ ದೂರಕ್ಕೆ ಹಿಡಿಯುವಂತೆ ಗುರಿ ಹಿಡಿಯಬೇಕು. 300ಕ್ಕೆಂದು ಎತ್ತಿ ಹಿಡಿದರೆ ಗುಂಡು ಮೇಲೆ ಹೋಗುತ್ತದೆ. ಮೇಲಕ್ಕೆ ಹೊಡೆಯುವಾಗ ತಗ್ಗಿಸಬೇಕು, ಕೆಳಕ್ಕೆ ಹೊಡೆಯುವಾಗ ಏರಿಸಬೇಕು ಎಂಬ ನಂಬಿಕೆ ತಪ್ಪು. ಎರಡರಲ್ಲೂ ಗುಂಡು ಮೇಲಕ್ಕೇ ತಪ್ಪುತ್ತದೆ.

ಆದರೆ ಇದನ್ನು ಅತಿಯಾಗಿ ಹಿಗ್ಗಿಸುವುದು ಬೇಡ. 200 ಗಜಕ್ಕೆ ಹೊಂದಿಸಿದ ಸಾಮಾನ್ಯ ರೈಫಲಿನಲ್ಲಿ ಈ ವ್ಯತ್ಯಾಸ ಮೂರು ನಾಲ್ಕು ಅಂಗುಲದಷ್ಟು ಆಗಬಹುದು. ಈಗಿನ ದೂರಮಾಪಕಗಳು ಕೋನವನ್ನೂ ಅಳೆದು ಸರಿಪಡಿಸಿದ ದೂರವನ್ನೇ ತೋರಿಸುತ್ತವೆ. ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಗುಂಡು ಮೈಯೊಳಗೆ ಸಾಗುವ ಹಾದಿ. ಮೇಲಿನಿಂದ ಇಳಿಯುವ ಗುಂಡು ಒಂದು ಪಕ್ಕೆಯ ನಡುವಿನಿಂದ ಹೊಕ್ಕರೆ ಎದೆಯ ಕೆಳಗೆ ಹೊರಬೀಳುತ್ತದೆ, ಒಂದು ಶ್ವಾಸಕೋಶಕ್ಕೆ ಮಾತ್ರ ತಾಗಬಹುದು. ಹೊರಬೀಳುವ ಜಾಗವನ್ನು ಮನಸ್ಸಿನಲ್ಲಿ ಗುರುತಿಸಿ, ಅದಕ್ಕೆ ಸರಿಯಾಗಿ ಒಳಹೊಕ್ಕುವ ಬಿಂದುವನ್ನು ಮೇಲಕ್ಕೆ ಆರಿಸಬೇಕು. ಇದು ಬರೀ ರೇಖಾಗಣಿತ, ನಾನು ಕೋವಿ ಮುಟ್ಟಿದವಳಲ್ಲ.

ಕೋಲಾರ, ಹಳೆಯ ಯೋಧ

ಮೇಡಂ ಲೆಕ್ಕ ಸರಿಯಾಗಿದೆ, ಸೈನ್ಯದಲ್ಲಿ ಗುಡ್ಡದ ಮೇಲಿನ ಗುರಿಯಭ್ಯಾಸದಲ್ಲಿ ನಮಗೂ ಇದನ್ನೇ ಹೇಳಿಕೊಟ್ಟಿದ್ದರು. ನನ್ನ ಅಭಿಪ್ರಾಯದಲ್ಲಿ ಇಂಥ ಜಾಗದಲ್ಲಿ ಹೆಗಲ ಮೂಳೆಯ ಮೇಲ್ಭಾಗಕ್ಕೆ ಹೊಡೆಯಬೇಕು. ಜಿಂಕೆ ನಿಂತಲ್ಲೇ ಕುಸಿಯುತ್ತದೆ. ಶ್ವಾಸಕೋಶಕ್ಕೆ ತಗುಲಿದ್ದು ಐವತ್ತು ನೂರು ಮೀಟರ್ ಓಡುತ್ತದೆ, ಆ ನೂರು ಮೀಟರಿನಲ್ಲಿ ಎಲ್ಲಿಗೆ ಹಾರುತ್ತದೋ ಯಾರಿಗೆ ಗೊತ್ತು?

ಕೊರಟಗೆರೆಯವನು, ಈಗ ಬಾಯ್ಸಿ

ಯೋಧರೇ, ಸಮನೆಲದಲ್ಲಾದರೆ ಒಪ್ಪುತ್ತೇನೆ. ಇಲ್ಲಿ ನಿಂತಲ್ಲೇ ಕುಸಿದದ್ದು ನಿಂತಲ್ಲೇ ಇರುವುದಿಲ್ಲ. ಕಾಲುಗಳ ಹಿಡಿತ ಒಮ್ಮೆಲೇ ತಪ್ಪಿದ ಮೈ ಮರದ ದಿಮ್ಮಿಯಂತೆ ಉರುಳುತ್ತದೆ. ಶ್ವಾಸಕೋಶಕ್ಕೆ ತಗುಲಿದ ಜಿಂಕೆ ಕೆಲವು ಹೆಜ್ಜೆಯಾದರೂ ತನ್ನ ಕಾಲಿನ ಮೇಲೆ ಹೋಗಿ, ಪೊದೆಗೋ ಮರಕ್ಕೋ ಒರಗಿ ಬೀಳುವ ಸಾಧ್ಯತೆ ಇರುತ್ತದೆ. ಹೆಗಲಿಗೆ ಹೊಡೆದರೆ ಎರಡು ಮುಂಗಾಲಿನ ಮಾಂಸವೂ ನೆತ್ತರು ಹೆಪ್ಪುಗಟ್ಟಿ ಹಾಳಾಗುತ್ತದೆ. ಹೊಡೆದ ಮೇಲೆ ಅರ್ಧ ಗಂಟೆ ಕುಳಿತಿರಬೇಕು, ನೆತ್ತರಿನ ಜಾಡು ಹಿಡಿದು ಅವಸರದಲ್ಲಿ ಇಳಿಯುವವರೇ ಬೀಳುವುದು.

ಕೋಲಾರ, ಹಳೆಯ ಯೋಧ

ಅಂಥ ಜಾಗದಲ್ಲಿ ಹೊಡೆಯದಿರುವುದೇ ಮೇಲು ಎಂದಾಯಿತಲ್ಲ! ಉರುಳುತ್ತದೆ ಎಂದು ಗೊತ್ತಿದ್ದ ಕಡೆ ಹೆಗಲೇನು, ಶ್ವಾಸಕೋಶವೇನು? ನಾನು ಹೇಳಿದ್ದು ಕೆಳಗೆ ಪ್ರಪಾತವಿಲ್ಲದ, ಆದರೆ ಕಡಿದಾದ ಜಾಗಕ್ಕೆ. ಅಷ್ಟರ ಮಟ್ಟಿಗೆ ನನ್ನ ಮಾತನ್ನು ಬಿಡುವುದಿಲ್ಲ.

ತಿಪಟೂರು, ಪಶುವೈದ್ಯೆ

ಮಾಂಸದ ಬಗ್ಗೆ ಎರಡು ಮಾತು. ಅಕ್ಟೋಬರ್ ಎಂದರೆ ಅಲ್ಲಿ ಚಳಿ ಎಂದು ನಾವು ಭಾವಿಸುತ್ತೇವೆ, ಆದರೆ ಆಳವಾದ ಕಮರಿಯ ತಳ ಮಧ್ಯಾಹ್ನದಲ್ಲಿ ಸಾಕಷ್ಟು ಬೆಚ್ಚಗಿರುತ್ತದೆ. ಸತ್ತ ಪ್ರಾಣಿಯ ಮೈಶಾಖ ತೊಡೆಯ ಮೂಳೆಯ ಸುತ್ತ ಬಹಳ ಹೊತ್ತು ಉಳಿಯುತ್ತದೆ, ಕೊಳೆಯುವುದು ಅಲ್ಲಿಂದಲೇ ಶುರುವಾಗುತ್ತದೆ. ಚರ್ಮ ಬೇಗ ಸುಲಿಯಬೇಕು, ತೊಡೆಗಳನ್ನು ಬೇರೆ ಮಾಡಿ ಗಾಳಿಯಾಡುವ ತೆಳುಬಟ್ಟೆಯ ಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲ ಖಂಡಿತ ಬೇಡ.

ಎರಡನೆಯದು ಹೆಚ್ಚು ಗಂಭೀರ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ ಅಮೆರಿಕದ ಜಿಂಕೆಗಳಲ್ಲಿ ಹರಡುತ್ತಿದೆ. ಐಡಹೊದಲ್ಲಿ ಅದು ಮೊದಲು ಪತ್ತೆಯಾದದ್ದು 2021ರಲ್ಲಿ, ಅದೂ ಇದೇ ಸ್ಯಾಮನ್ ನದಿಗೆ ಸೇರುವ ಸ್ಲೇಟ್ ಕ್ರೀಕ್ ಕಣಿವೆಯಲ್ಲಿ ಹೊಡೆದ ಎರಡು ಮ್ಯೂಲ್ ಡೀರ್‌ಗಳಲ್ಲಿ. ಇದಕ್ಕೆ ಕಾರಣ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ, ಪ್ರಿಯಾನ್ ಎಂಬ ಮಡಿಕೆ ತಪ್ಪಿದ ಪ್ರೋಟೀನು. ಕುಕ್ಕರಿನಲ್ಲಿ ಎಷ್ಟು ಸೀಟಿ ಕೂಗಿಸಿದರೂ ಅದು ನಾಶವಾಗದು. ಮನುಷ್ಯರಿಗೆ ಅಂಟಿದ್ದಕ್ಕೆ ಈವರೆಗೆ ಪುರಾವೆ ಇಲ್ಲ, ಆದರೂ ರೋಗವಿರುವ ಪ್ರಾಣಿಯ ಮಾಂಸ ತಿನ್ನಬಾರದು ಎಂಬುದೇ ಅಲ್ಲಿನ ಆರೋಗ್ಯ ಸಂಸ್ಥೆಯ ಸಲಹೆ. ಗಂಟಲಿನ ಹಿಂಭಾಗದ ದುಗ್ಧಗ್ರಂಥಿಯ ಮಾದರಿಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿಟ್ಟು ಕಾಯಲಿ. ರೋಗದ ವಲಯದಿಂದ ಮಿದುಳು ಮತ್ತು ಬೆನ್ನುಹುರಿ ಇರುವ ಭಾಗಗಳನ್ನು ಹೊರಗೆ ಸಾಗಿಸಲು ನಿರ್ಬಂಧವಿದೆ. ಮೂಳೆಯನ್ನು ಕಮರಿಯಲ್ಲೇ ಬಿಡಿಸಿದರೆ ಹೊರೆಯೂ ಇಳಿಯುತ್ತದೆ, ಈ ನಿಯಮವನ್ನೂ ಪಾಲಿಸಿದಂತಾಗುತ್ತದೆ.

ಮಧುಗಿರಿ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಇಡೀ ಚರ್ಚೆಯನ್ನು ಮಗನಿಗೆ ಕಳಿಸಿದೆ. ಪರವಾನಗಿಯ ವಿಷಯ ಅವನಿಗೆ ಗೊತ್ತಿತ್ತಂತೆ. 1975ರ ಜನವರಿ 1 ಮತ್ತು ನಂತರ ಹುಟ್ಟಿದವರು ಬೇಟೆಗಾರರ ತರಬೇತಿಯಲ್ಲಿ ಉತ್ತೀರ್ಣರಾಗದೆ ಅಲ್ಲಿ ಪರವಾನಗಿಯನ್ನೇ ಕೊಡುವುದಿಲ್ಲ, ಪರೀಕ್ಷೆ ಬರೆದು ಬಂದಿದ್ದಾನೆ. ಕಾಲವಲಯದ ಸೇತುವೆ ಮಾತ್ರ ಗೊತ್ತಿರಲಿಲ್ಲ ಎಂದ. ಜೊತೆಗೊಬ್ಬ ಸ್ಥಳೀಯ ಸಹೋದ್ಯೋಗಿ ಹೋಗುತ್ತಾನೆ ಎಂದು ಕೇಳಿ ಮನೆಯಲ್ಲಿ ಸ್ವಲ್ಪ ಸಮಾಧಾನವಾಗಿದೆ.

ಮೇಷ್ಟ್ರ ಮಗ

ಎಲ್ಲ ಹಿರಿಯರಿಗೆ ನಮಸ್ಕಾರ. ಹೋಗಿ ಬಂದು ಎರಡು ವಾರವಾಯಿತು. ಅಪ್ಪ ನಾಲ್ಕು ಸಲ ಜ್ಞಾಪಿಸಿದ ಮೇಲೆ ಬರೆಯುತ್ತಿದ್ದೇನೆ.

ಮೊದಲ ದಿನ ಎದುರು ದಡದಲ್ಲಿ ಕುಳಿತು ನೋಡುವುದರಲ್ಲೇ ಕಳೆಯಿತು. ದುರ್ಬೀನಿನಲ್ಲಿ ಮೂರು ಗಂಡುಗಳು ಕಂಡವು. ಎಲ್ಲಕ್ಕಿಂತ ದೊಡ್ಡದು ಎರಡು ಬಂಡೆಗೋಡೆಗಳ ನಡುವಿನ ಹುಲ್ಲಿನ ಪಟ್ಟಿಯಲ್ಲಿ, ಕೊರಟಗೆರೆಯಣ್ಣ ಬರೆದಂತೆಯೇ ಬಂಡೆಗೆ ಬೆನ್ನು ಕೊಟ್ಟು ಮಲಗಿತ್ತು. ಸಹೋದ್ಯೋಗಿ ಅದನ್ನು ಅರ್ಧ ಗಂಟೆ ನೋಡಿ, ಅದು ಅಲ್ಲಿ ವಯಸ್ಸಾಗಿ ಸಾಯಲಿ ಎಂದ. ನಾವು ಆರಿಸಿದ್ದು ರಸ್ತೆಗಿಂತ ಎತ್ತರದಲ್ಲಿ, ಹಳೆಯ ಕುದುರೆ ಹಾದಿಯಿಂದ ಮುನ್ನೂರು ಹೆಜ್ಜೆ ಮೇಲೆ ಮೇಯುತ್ತಿದ್ದ, ಎರಡೇ ಕವಲಿನ ಕೊಂಬಿನ ಎಳೆಯ ಗಂಡನ್ನು.

ಎರಡನೆಯ ದಿನ ನಸುಕಿನಲ್ಲಿ ಪಕ್ಕದ ಏಣನ್ನು ಹತ್ತಿ ಕುಳಿತೆವು. ಸೂರ್ಯ ಎದುರು ದಡಕ್ಕೆ ಬಂದು ಒಂದೂವರೆ ಗಂಟೆಯಾದರೂ ನಮ್ಮ ಕಡೆ ನೆರಳೇ ಇತ್ತು. ಸೀಸೆಯ ಪೌಡರ್ ನನ್ನ ಬೂಟಿನ ಕಡೆಗೆ ಇಳಿಯುತ್ತಲೇ ಇತ್ತು. ಬಿಸಿಲಿನ ಅಂಚು ಹುಲ್ಲಿನ ಮೇಲೆ ಇಳಿದು ನಮ್ಮನ್ನು ಮುಟ್ಟಿದ ಮೇಲೆ ಕೆಲವು ನಿಮಿಷ ಪೌಡರ್ ಎಲ್ಲಿಗೂ ಹೋಗದೆ ಮುಖದ ಮುಂದೆ ನಿಂತಿತು, ಆಮೇಲೆ ಮೆಲ್ಲಗೆ ಟೋಪಿಯ ಮೇಲಿನಿಂದ ಹಿಂದಕ್ಕೆ ಹೋಯಿತು. ಆಗ ಎದ್ದೆವು. ದೂರಮಾಪಕ 170 ಗಜ ತೋರಿಸಿತು, ಕೋನಕ್ಕೆ ಸರಿಪಡಿಸಿದ ದೂರ 148. ಮೇಡಂ, ಅಷ್ಟು ಹತ್ತಿರದಲ್ಲಿ ಕೊಸೈನ್ ಬೇಕಾಗಲಿಲ್ಲ, ಆದರೆ ಹೊರಬೀಳುವ ಜಾಗವನ್ನು ನೋಡಿಯೇ ಗುರಿ ಹಿಡಿದೆ. ಶ್ವಾಸಕೋಶಕ್ಕೇ ಹೊಡೆದೆ, ಕೋಲಾರದ ಯೋಧರು ಕ್ಷಮಿಸಬೇಕು.

ಇಷ್ಟೆಲ್ಲ ಯೋಚಿಸಿ ಆರಿಸಿದ ಜಾಗದಲ್ಲೂ ಅದು ಉರುಳಿತು. ಹತ್ತು ಹೆಜ್ಜೆ ನಡೆದು ಕುಸಿದ ಜಿಂಕೆ ನಲವತ್ತು ಹೆಜ್ಜೆಯಷ್ಟು ಕೆಳಕ್ಕೆ ಜಾರಿ, ಒಂದು ಬಂಡೆಗೆ ಬೆನ್ನು ತಾಗಿ ನಿಂತಿತು. ಹೋಗಿ ನೋಡಿದಾಗ ಎಡಗಡೆಯ ಕೊಂಬು ಬುಡದಲ್ಲಿ ಮುರಿದಿತ್ತು, ಬಾಯಿಯಲ್ಲಿ ಇನ್ನೂ ಜಗಿಯದ ಹುಲ್ಲಿನ ಎಸಳುಗಳಿದ್ದವು. ಬಹಳ ಹೊತ್ತು ಕೈ ಹಾಕಲು ನನ್ನಿಂದಾಗಲಿಲ್ಲ. ಸಹೋದ್ಯೋಗಿ ಏನೂ ಹೇಳದೆ ಅದರ ಹಿಂಗಾಲನ್ನು ಹಗ್ಗದಿಂದ ಮೇಲಿನ ಗಿಡದ ಬುಡಕ್ಕೆ ಬಿಗಿದು, ಚೀಟಿ ಕಟ್ಟು ಎಂದ. ಕೊಂದ ಕೂಡಲೇ ಪರವಾನಗಿಯ ಚೀಟಿಯನ್ನು ಕತ್ತರಿಸಿ ಅದಕ್ಕೆ ಕಟ್ಟಬೇಕು. ಹಗ್ಗ ಬಿಗಿಯದೆ ಸುಲಿಯಲು ಕುಳಿತಿದ್ದರೆ ಬಂಡೆಯಿಂದಲೂ ಜಾರುತ್ತಿತ್ತು, ನಮ್ಮಲ್ಲೊಬ್ಬನ ಸಮೇತ.

ಮೂಳೆ ಬಿಡಿಸಿದ ಮಾಂಸ 24 ಕಿಲೋ ಬಂತು. ಉರುಳಿದ್ದರಿಂದ ಒಂದು ಮುಂಗಾಲು ಜಜ್ಜಿಹೋಗಿತ್ತು, ಅದರಲ್ಲೂ ಆದಷ್ಟು ಆರಿಸಿಕೊಂಡೆವು. ಎರಡು ಹೊರೆ ಮಾಡಿ, ಪಾವಗಡದವರು ಹೇಳಿದಂತೆ ಮೈಯನ್ನು ಅಡ್ಡ ತಿರುಗಿಸಿ, ಕೋಲನ್ನು ಮೇಲ್ಬದಿಗೆ ಊರಿ ಇಳಿದೆವು. ಸಹೋದ್ಯೋಗಿ ಹುಟ್ಟಿನಿಂದ ಇಲ್ಲಿಯವನಾದರೂ ಕೋಲನ್ನು ಕೆಳಬದಿಗೆ ಊರುವವನು. ಎರಡು ಸಲ ಕುಳಿತು ಜಾರಿದ ಮೇಲೆ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ. ಪಾವಗಡದಲ್ಲಿ ಎಂದೆ. ಅವನು ಅದನ್ನು ಫೋನಿನ ನಕ್ಷೆಯಲ್ಲಿ ಹುಡುಕಿ ನೋಡಿದ.

ತಿಪಟೂರು, ಪಶುವೈದ್ಯೆ

ಪರೀಕ್ಷೆಯ ಫಲಿತಾಂಶ ಬಂತೇ?

ಮೇಷ್ಟ್ರ ಮಗ

ನಿನ್ನೆ ಬಂತು ಮೇಡಂ, ರೋಗ ಪತ್ತೆಯಾಗಿಲ್ಲ. ಅಲ್ಲಿಯವರೆಗೆ ಫ್ರೀಜರಿನ ಬಾಗಿಲು ತೆಗೆದಿರಲಿಲ್ಲ. ಬೇಟೆಯ ವರದಿಯನ್ನು ಹತ್ತು ದಿನದೊಳಗೆ ಇಲಾಖೆಗೆ ಕೊಡಬೇಕಿತ್ತು, ಅದನ್ನೂ ಮುಗಿಸಿದ್ದೇನೆ. ಅಮ್ಮ ಕಳಿಸಿದ ಸಾರಿನ ಪುಡಿಯಲ್ಲಿ ಇವತ್ತು ಬಾಡಿನ ಸಾರು ಮಾಡಿದೆವು. ಕೊಬ್ಬು ಬಹಳ ಕಡಿಮೆ, ಕುರಿಮಾಂಸದಷ್ಟು ಹೊತ್ತು ಬೇಯಿಸಿದರೆ ನಾರಾಗುತ್ತದೆ. ಉಳಿದ ಒಂದು ಕೊಂಬನ್ನು ಅಪ್ಪನಿಗೆ ತರಲೇ ಎಂದು ಯೋಚಿಸುತ್ತಿದ್ದೇನೆ.

ಶಿರಾ, ಕಾಡು ಕಾದವನು

ತರಬೇಡಪ್ಪ. ಇಲ್ಲಿ ಗೋಡೆಯ ಮೇಲೆ ಕೊಂಬು ಕಂಡರೆ ಅದು ಐಡಹೊದ್ದೋ ಬುಕ್ಕಾಪಟ್ಟಣದ್ದೋ ಎಂದು ಮೊದಲು ಯಾರೂ ಕೇಳುವುದಿಲ್ಲ, ಕಾಗದ ಎಲ್ಲಿ ಎಂದು ಕೇಳುತ್ತಾರೆ. ತಾತಂದಿರ ಕಾಲದ ಕೊಂಬುಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ 180 ದಿನಗಳ ಗಡುವು ಕೊಟ್ಟಿದ್ದರು. ಅದನ್ನು ತಪ್ಪಿಸಿಕೊಂಡು ಪರದಾಡಿದ ಮನೆಗಳನ್ನು ನಾನೇ ನೋಡಿದ್ದೇನೆ.

ಮಧುಗಿರಿ ಮೇಷ್ಟ್ರು

ಕೊಂಬು ಅಲ್ಲೇ ಇರಲಿ. ಮಂಡಿ ಊದಿದೆ ಎಂದು ನಿನ್ನ ಅಮ್ಮನಿಗೆ ಹೇಳಿದೆಯಂತೆ, ನನಗೆ ಹೇಳಲಿಲ್ಲ. ಇಳಿಯಿತೇ?

ಮೇಷ್ಟ್ರ ಮಗ

ಬಲಗಾಲಿನದು ಇಳಿದಿದೆ ಅಪ್ಪ. ಎಡಗಾಲಿನದು ಇನ್ನೂ ಮೆಟ್ಟಿಲು ಇಳಿಯುವಾಗ ನೋಯುತ್ತದೆ.